ಹೆಣ್ಣಿನ ಮಾತು ಮತ್ತು ದಂಡ ಸಂಹಿತೆ: 1860ರಿಂದ ಇಂದಿನವರೆಗೆ



2025ರ ಆಗಸ್ಟ್ 2ರಂದು ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯವು ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ದೂರು ಕೊಟ್ಟವರು ಅವರ ಕುಟುಂಬದ ಹೊಳೆನರಸೀಪುರದ ತೋಟದ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಮಹಿಳೆ. ಶಿಕ್ಷೆಗೆ ಒಳಗಾದವರು 2019ರಿಂದ 2024ರವರೆಗೆ ನಮ್ಮ ಅರಸೀಕೆರೆ ಮತ್ತು ಬೇಲೂರು ಕೂಡ ಸೇರಿರುವ ಹಾಸನ ಲೋಕಸಭಾ ಕ್ಷೇತ್ರದ ಪ್ರತಿನಿಧಿ. ತೀರ್ಪಿನ ವಿರುದ್ಧ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಕೆಯಾಗಿದೆ. ಅದರ ಗುಣಾವಗುಣ ನ್ಯಾಯಾಲಯಕ್ಕೆ ಬಿಟ್ಟ ವಿಷಯ.

ಆ ತೀರ್ಪು ಬಂದ ದಿನ ಅರಸೀಕೆರೆಯ ರೈಲ್ವೆ ಜಂಕ್ಷನ್‌ನಿಂದ ಹಿಡಿದು ಹಳ್ಳಿಯ ಅರಳಿಕಟ್ಟೆಯವರೆಗೆ ಎಲ್ಲೆಡೆ ಅದರದೇ ಮಾತು. ಆದರೆ ಮಾತೆಲ್ಲ ರಾಜಕೀಯದ ಸುತ್ತಲೇ ತಿರುಗಿತು. ಆ ಶಿಕ್ಷೆ ಯಾವ ಕಾನೂನಿನಿಂದ ಬಂತು, ಆ ಕಾನೂನು ಯಾವಾಗ ಹುಟ್ಟಿತು, ಅದನ್ನು ಹುಟ್ಟಿಸಿದವರು ಯಾರು ಎಂದು ಕೇಳಿದವರು ಕಡಿಮೆ. ಪ್ರಜ್ವಲ್ ರೇವಣ್ಣ ಅವರ ಮೇಲೆ ಸಾಬೀತಾದ ಮುಖ್ಯ ಆರೋಪಗಳು ಭಾರತೀಯ ದಂಡ ಸಂಹಿತೆಯ 376ನೇ ಕಲಮಿನ ಎರಡು ಉಪಕಲಮುಗಳವು. ಹೆಣ್ಣಿನ ಮೇಲೆ ಅಧಿಕಾರ ಅಥವಾ ಹತೋಟಿ ಇರುವ ಸ್ಥಾನದಲ್ಲಿದ್ದು ಅತ್ಯಾಚಾರ ಎಸಗುವುದು ಒಂದು. ಒಬ್ಬಳೇ ಮಹಿಳೆಯ ಮೇಲೆ ಪದೇ ಪದೇ ಅತ್ಯಾಚಾರ ಎಸಗುವುದು ಇನ್ನೊಂದು. ಈ ಎರಡೂ ಸಾಲುಗಳು 2013ಕ್ಕೆ ಮೊದಲು ಕಾನೂನು ಪುಸ್ತಕದಲ್ಲಿ ಇರಲೇ ಇಲ್ಲ. ಜೀವಾವಧಿ ಎಂದರೆ ಅಪರಾಧಿಯ ಸಹಜ ಆಯುಸ್ಸು ಮುಗಿಯುವವರೆಗೆ ಎಂಬ ಅರ್ಥವನ್ನು ಈ ಕಲಮಿಗೆ ಸೇರಿಸಿದ್ದೂ 2013ರಲ್ಲಿ.

ಅಂದರೆ, ತೋಟದ ಮನೆಯ ಒಬ್ಬ ಕೆಲಸದಾಕೆ ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ ಆಕೆಯ ಕೈಗೆ ಸಿಕ್ಕ ಕಾನೂನು ಆಕೆಗಿಂತ ಮುಂಚೆ ಸೋತ ಅನೇಕ ಹೆಣ್ಣುಮಕ್ಕಳ ದೂರುಗಳಿಂದ ಕಟ್ಟಿದ್ದು. ಆ ಇತಿಹಾಸವನ್ನು ಈ ಲೇಖನದಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಇಲ್ಲಿ ನ್ಯಾಯಾಲಯಗಳ, ಊರುಗಳ, ಕಾಯ್ದೆಗಳ ಹೆಸರು ಬರುತ್ತವೆ. ದೌರ್ಜನ್ಯಕ್ಕೆ ಒಳಗಾದವರ ಹೆಸರು ಬರುವುದಿಲ್ಲ. ಅದು ಕಾನೂನಿನ ಆಜ್ಞೆಯೂ ಹೌದು. ಏಕೆಂಬುದನ್ನು ಮುಂದೆ ನೋಡೋಣ.

ಮೊದಲ ಪುಸ್ತಕ

ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಭಾರತದಲ್ಲಿ ಒಂದೇ ದಂಡನೀತಿ ಇರಲಿಲ್ಲ. ಕಂಪನಿ ಸರ್ಕಾರದ ಫೌಜದಾರಿ ಅದಾಲತ್ತುಗಳಲ್ಲಿ ಮುಸ್ಲಿಂ ದಂಡನೀತಿಯನ್ನು ಅನೇಕ ಬದಲಾವಣೆಗಳೊಂದಿಗೆ ಅನುಸರಿಸಲಾಗುತ್ತಿತ್ತು. ಬೇರೆ ಬೇರೆ ಪ್ರಾಂತ್ಯಗಳಲ್ಲಿ ಬೇರೆ ಬೇರೆ ರೆಗ್ಯುಲೇಷನ್‌ಗಳಿದ್ದವು. ಮೆಕಾಲೆಯ ನೇತೃತ್ವದ ಕಾನೂನು ಆಯೋಗ 1837ರಲ್ಲಿ ದಂಡ ಸಂಹಿತೆಯ ಕರಡು ಸಿದ್ಧಪಡಿಸಿತು. ಅದು ಕಾಯ್ದೆಯಾದದ್ದು 1860ರಲ್ಲಿ, ಜಾರಿಗೆ ಬಂದದ್ದು 1862ರ ಜನವರಿ 1ರಂದು. ಮೈಸೂರು ಸಂಸ್ಥಾನ 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಆ ಆಡಳಿತದ ಕಾಲದಲ್ಲಿಯೇ ಈ ಸಂಹಿತೆ ನಮ್ಮ ಹಾಸನ ಸೀಮೆಗೂ ಬಂತು.

ಅದರ 375ನೇ ಕಲಮು ಅತ್ಯಾಚಾರ ಎಂದರೇನು ಎಂದು ಐದು ಸಂದರ್ಭಗಳಲ್ಲಿ ಹೇಳಿತು. ಹೆಣ್ಣಿನ ಇಚ್ಛೆಗೆ ವಿರುದ್ಧವಾಗಿ. ಆಕೆಯ ಒಪ್ಪಿಗೆ ಇಲ್ಲದೆ. ಸಾವಿನ ಅಥವಾ ಪೆಟ್ಟಿನ ಭಯ ಹುಟ್ಟಿಸಿ ಒಪ್ಪಿಗೆ ಪಡೆದು. ತಾನು ಗಂಡನೆಂದು ನಂಬಿಸಿ. ಮತ್ತು ಹುಡುಗಿ ಹತ್ತು ವರ್ಷಕ್ಕಿಂತ ಚಿಕ್ಕವಳಾದರೆ ಒಪ್ಪಿಗೆ ಇದ್ದರೂ ಇಲ್ಲದಿದ್ದರೂ. 376ನೇ ಕಲಮು ಇದಕ್ಕೆ ಜೀವಾವಧಿ ಕರಿನೀರಿನ ಶಿಕ್ಷೆ ಅಥವಾ ಹತ್ತು ವರ್ಷದವರೆಗಿನ ಸಜೆ ಮತ್ತು ದಂಡ ಎಂದಿತು. ಕನಿಷ್ಠ ಶಿಕ್ಷೆ ಇಷ್ಟೇ ಇರಬೇಕೆಂಬ ಕಟ್ಟು ಇರಲಿಲ್ಲ. ಎಷ್ಟು ಕೊಡಬೇಕೆಂಬುದು ನ್ಯಾಯಾಧೀಶರ ಇಷ್ಟಕ್ಕೆ ಬಿಟ್ಟದ್ದಾಗಿತ್ತು.

ಮಾತುಗಳು ಚೊಕ್ಕವಾಗಿಯೇ ಇದ್ದವು. ‘ಒಪ್ಪಿಗೆ ಇಲ್ಲದೆ’ ಎಂಬ ಪದ 1860ರಲ್ಲೇ ಇತ್ತು. ಆದರೆ ಒಪ್ಪಿಗೆ ಎಂದರೇನು, ಅದು ಇರಲಿಲ್ಲ ಎಂದು ಸಾಬೀತು ಮಾಡುವುದು ಹೇಗೆ ಎಂಬುದನ್ನು ಪುಸ್ತಕ ಸರಿಯಾಗಿ ಹೇಳಲಿಲ್ಲ. ಮುಂದಿನ ನೂರೈವತ್ತು ವರ್ಷಗಳ ಜಗಳವೆಲ್ಲ ಈ ಒಂದು ಪದದ ಮೇಲೆ ನಡೆಯಿತು. ಅದಕ್ಕೆ ಜೊತೆಯಾಗಿ 1872ರ ಸಾಕ್ಷ್ಯ ಕಾಯ್ದೆ ಆರೋಪಿಗೆ ಒಂದು ಅಸ್ತ್ರ ಕೊಟ್ಟಿತು. ದೂರು ಕೊಟ್ಟವಳು ಸಾಮಾನ್ಯವಾಗಿ ನಡತೆಗೆಟ್ಟವಳು ಎಂದು ತೋರಿಸಿ ಆಕೆಯ ಮಾತನ್ನು ನಂಬದಂತೆ ಮಾಡಲು 155ನೇ ಕಲಮಿನ 4ನೇ ಉಪಕಲಮು ಅವಕಾಶ ನೀಡಿತು. ಈ ಸಾಲು 2003ರವರೆಗೆ, ಅಂದರೆ 131 ವರ್ಷ, ನಮ್ಮ ಕಾನೂನಿನಲ್ಲಿತ್ತು.

ವಯಸ್ಸಿನ ಲೆಕ್ಕ

ಮೊದಲು ಬದಲಾದದ್ದು ವಯಸ್ಸು. 1860ರ ಸಂಹಿತೆಯಲ್ಲಿ ಹೆಂಡತಿಗೆ ಹತ್ತು ವರ್ಷ ತುಂಬಿದ್ದರೆ ಗಂಡನ ಮೇಲೆ ಈ ಅಪರಾಧ ಹೊರಿಸುವಂತಿರಲಿಲ್ಲ. 1890ರಲ್ಲಿ ಕಲ್ಕತ್ತೆಯಲ್ಲಿ ಸುಮಾರು ಹನ್ನೊಂದು ವರ್ಷದ ಬಾಲವಧು ಗಂಡನ ಬಲವಂತದಿಂದ ಸತ್ತ ಪ್ರಕರಣ ವಿಚಾರಣೆಗೆ ಬಂತು. ಹುಡುಗಿಗೆ ಹತ್ತು ದಾಟಿದ್ದರಿಂದ ಅತ್ಯಾಚಾರದ ಆರೋಪ ನಿಲ್ಲಲಿಲ್ಲ. ಅಜಾಗರೂಕತೆಯಿಂದ ತೀವ್ರ ಗಾಯ ಮಾಡಿದ ಅಪರಾಧಕ್ಕೆ ಗಂಡನಿಗೆ ಒಂದು ವರ್ಷದ ಸಜೆ ಮಾತ್ರ ಆಯಿತು. ದೇಶದಲ್ಲೆಲ್ಲ ದೊಡ್ಡ ವಾದ ಎದ್ದಿತು. 1891ರಲ್ಲಿ ಸಮ್ಮತಿ ವಯಸ್ಸನ್ನು 12ಕ್ಕೆ ಏರಿಸಲಾಯಿತು. 1925ರಲ್ಲಿ ಅದು 14 ಆಯಿತು, ವಿವಾಹಿತೆಗೆ 13. ಸ್ವಾತಂತ್ರ್ಯದ ನಂತರ 1949ರಲ್ಲಿ 16, ವಿವಾಹಿತೆಗೆ 15.

ನಮ್ಮ ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1894ರಲ್ಲಿ ಬಾಲ್ಯವಿವಾಹ ತಡೆ ರೆಗ್ಯುಲೇಷನ್ ಬಂತು. ಎಂಟು ವರ್ಷದೊಳಗಿನ ಹೆಣ್ಣುಮಗುವಿನ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ಅದು ನಿಷೇಧಿಸಿತು. ಇಂದು ಓದಿದರೆ ಎಂಟು ವರ್ಷ ಎಂಬ ಮಿತಿ ನಮಗೆ ನಾಚಿಕೆ ತರಿಸುತ್ತದೆ. ಬ್ರಿಟಿಷ್ ಭಾರತಕ್ಕೆ ಇಂತಹ ವಿವಾಹ ಕಾಯ್ದೆ, ಅಂದರೆ ಶಾರದಾ ಕಾಯ್ದೆ, ಬಂದದ್ದು ಮೂವತ್ತೈದು ವರ್ಷಗಳ ನಂತರ 1929ರಲ್ಲಿ ಎಂಬುದನ್ನೂ ನೆನಪಿಡಬೇಕು.

ಹೀಗೆ ವಯಸ್ಸು ಏರುತ್ತ ಬಂತು. ಬೆಳೆದ ಹೆಣ್ಣಿನ ಒಪ್ಪಿಗೆಯ ಪ್ರಶ್ನೆ ಮಾತ್ರ 1860ರಲ್ಲಿ ಎಲ್ಲಿತ್ತೋ ಅಲ್ಲೇ ಉಳಿಯಿತು.

ದೇಸಾಯಿಗಂಜ್ ಮತ್ತು ರಾಯಚೂರು

1972ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ದೇಸಾಯಿಗಂಜ್ ಪೊಲೀಸ್ ಠಾಣೆಯೊಳಗೆ ಒಬ್ಬ ಆದಿವಾಸಿ ಹುಡುಗಿಯ ಮೇಲೆ ಪೊಲೀಸರು ಅತ್ಯಾಚಾರ ಎಸಗಿದರೆಂಬ ದೂರು ಬಂತು. ಸೆಷನ್ಸ್ ನ್ಯಾಯಾಲಯ ಹುಡುಗಿಯ ನಡತೆಯನ್ನೇ ಆಡಿ ಆರೋಪಿಗಳನ್ನು ಬಿಟ್ಟಿತು. ಬಾಂಬೆ ಹೈಕೋರ್ಟ್ ಶಿಕ್ಷೆ ಕೊಟ್ಟಿತು. ಠಾಣೆಯೊಳಗೆ ಹೆದರಿ ತೆಪ್ಪಗಿರುವುದು ಬೇರೆ, ಒಪ್ಪುವುದು ಬೇರೆ ಎಂಬುದು ಹೈಕೋರ್ಟಿನ ವಿವೇಕ. 1978ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಹುಡುಗಿಯ ಮೈಮೇಲೆ ಗಾಯದ ಗುರುತಿಲ್ಲ, ಆಕೆ ಪ್ರತಿಭಟಿಸಿದ ಲಕ್ಷಣವಿಲ್ಲ ಎಂದು ಆರೋಪಿಗಳು ಖುಲಾಸೆಯಾದರು.

ಇದೇ ಕಾಲದ ಇನ್ನೊಂದು ಪ್ರಕರಣ ನಮ್ಮ ಕರ್ನಾಟಕದ ನೆಲದ ಮೇಲೆ ಮುಗಿಯಿತು. 1978ರ ಮಾರ್ಚ್‌ನಲ್ಲಿ ಹೈದರಾಬಾದಿನಲ್ಲಿ ರಾತ್ರಿ ಸಿನಿಮಾ ನೋಡಿ ಮನೆಗೆ ಹೊರಟಿದ್ದ ಒಬ್ಬ ಬಡ ಮುಸ್ಲಿಂ ಮಹಿಳೆಯನ್ನು ಪೊಲೀಸರು ಠಾಣೆಗೆ ಒಯ್ದರು. ಆಕೆಯ ಮೇಲೆ ಅತ್ಯಾಚಾರ ನಡೆಯಿತು. ವಿರೋಧಿಸಿದ ಗಂಡ, ಒಬ್ಬ ರಿಕ್ಷಾ ಚಾಲಕ, ಪೊಲೀಸರ ಪೆಟ್ಟಿನಿಂದ ಸತ್ತ ಎಂದು ಊರೇ ಎದ್ದು ನಿಂತಿತು. ಹೈದರಾಬಾದಿನಲ್ಲಿ ಕರ್ಫ್ಯೂ ಹಾಕಬೇಕಾಯಿತು. ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಮುಕ್ತದರ್ ಆಯೋಗ ಪೊಲೀಸರ ತಪ್ಪನ್ನು ಎತ್ತಿ ಹೇಳಿತು. ಆಯೋಗದ ಮುಂದೆ ಪೊಲೀಸರ ಪರ ವಾದ ಏನಿತ್ತು ಗೊತ್ತೇ? ಆಕೆ ವೇಶ್ಯೆ, ಆಕೆಯ ನಿಕಾಹ್ ಸರಿಯಾದುದಲ್ಲ ಎಂದು. ಸತ್ತ ಗಂಡನ ವಿಷಯ ಹಿಂದೆ ಸರಿಯಿತು. ಆಕೆಯ ಮದುವೆಗಳ ಲೆಕ್ಕ ಮುಂದೆ ಬಂತು. ಕ್ರಿಮಿನಲ್ ಮೊಕದ್ದಮೆಯನ್ನು ಆಂಧ್ರದಿಂದ ಕರ್ನಾಟಕದ ರಾಯಚೂರಿನ ಸೆಷನ್ಸ್ ನ್ಯಾಯಾಲಯಕ್ಕೆ ವರ್ಗಾಯಿಸಲಾಯಿತು. 1981ರಲ್ಲಿ ರಾಯಚೂರಿನಲ್ಲಿ ಆರೋಪಿ ಪೊಲೀಸರೆಲ್ಲ ಖುಲಾಸೆಯಾದರು.

ಓದುಗರೇ, ಈ ಎರಡು ಪ್ರಕರಣಗಳನ್ನು ಜೊತೆಯಲ್ಲಿಟ್ಟು ನೋಡಿ. ಒಬ್ಬಳು ಆದಿವಾಸಿ, ಇನ್ನೊಬ್ಬಳು ಮುಸ್ಲಿಂ. ಇಬ್ಬರೂ ಬಡವರು. ಇಬ್ಬರ ವಿಚಾರಣೆಯಲ್ಲೂ ಕಟಕಟೆಯಲ್ಲಿ ನಿಂತದ್ದು ಅವರ ನಡತೆ. ಇಬ್ಬರೂ ಸೋತರು. ಆದರೆ ಆ ಸೋಲು ವ್ಯರ್ಥವಾಗಲಿಲ್ಲ. 1979ರ ಸೆಪ್ಟೆಂಬರ್‌ನಲ್ಲಿ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ರಘುನಾಥ್ ಕೇಳ್ಕರ್ ಮತ್ತು ವಸುಧಾ ಧಾಗಮ್‌ವಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದು ದೇಸಾಯಿಗಂಜ್ ತೀರ್ಪನ್ನು ಪ್ರಶ್ನಿಸಿದರು. ಮಹಿಳಾ ಸಂಘಟನೆಗಳು ದೇಶದಲ್ಲೆಲ್ಲ ಬೀದಿಗಿಳಿದವು. 1980ರಲ್ಲಿ ಕಾನೂನು ಆಯೋಗ ತನ್ನ 84ನೇ ವರದಿಯಲ್ಲಿ ಬದಲಾವಣೆಗಳನ್ನು ಶಿಫಾರಸು ಮಾಡಿತು.

1983ರ ತಿದ್ದುಪಡಿ

1983ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಯು 120 ವರ್ಷಗಳ ನಂತರ ನಡೆದ ಮೊದಲ ದೊಡ್ಡ ದುರಸ್ತಿ. ಅತ್ಯಾಚಾರಕ್ಕೆ ಕನಿಷ್ಠ 7 ವರ್ಷದ ಸಜೆ ಗೊತ್ತಾಯಿತು. ಪೊಲೀಸರು, ಸರ್ಕಾರಿ ನೌಕರರು, ಜೈಲು ಮತ್ತು ಆಸ್ಪತ್ರೆಯ ಸಿಬ್ಬಂದಿ ತಮ್ಮ ವಶದಲ್ಲಿರುವ ಹೆಣ್ಣಿನ ಮೇಲೆ ಎಸಗಿದರೆ, ಸಾಮೂಹಿಕ ಅತ್ಯಾಚಾರವಾದರೆ, ಗರ್ಭಿಣಿಯ ಮೇಲೆ ಅಥವಾ 12 ವರ್ಷದೊಳಗಿನ ಹುಡುಗಿಯ ಮೇಲೆ ನಡೆದರೆ ಕನಿಷ್ಠ 10 ವರ್ಷ. ಇಂತಹ ಗಂಭೀರ ಪ್ರಕರಣಗಳಲ್ಲಿ ಬಹುಪಾಲಿಗೆ, ಲೈಂಗಿಕ ಕ್ರಿಯೆ ನಡೆದದ್ದು ಸಾಬೀತಾಗಿ ‘ನಾನು ಒಪ್ಪಿರಲಿಲ್ಲ’ ಎಂದು ಆಕೆ ನ್ಯಾಯಾಲಯದಲ್ಲಿ ಹೇಳಿದರೆ ಆ ಮಾತನ್ನೇ ನ್ಯಾಯಾಲಯ ನಂಬಿ ಮುಂದುವರಿಯಬೇಕು. ಒಪ್ಪಿದ್ದಳೆಂದು ತೋರಿಸುವ ಹೊರೆ ಆರೋಪಿಯದು. ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯಬೇಕು. ಸಂತ್ರಸ್ತೆಯ ಗುರುತು ಬಯಲು ಮಾಡಿದವರಿಗೆ 228ಎ ಕಲಮಿನಡಿ ಎರಡು ವರ್ಷದವರೆಗೆ ಶಿಕ್ಷೆ.

ಈ ಲೇಖನದಲ್ಲಿ ಹೆಸರುಗಳಿಲ್ಲದಿರುವುದು ಈ ನಿಯಮದ ಆಶಯದಿಂದ. ಕರ್ನಾಟಕದಿಂದಲೇ ಹೋದ ಒಂದು ಮೇಲ್ಮನವಿಯಲ್ಲಿ 2003ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ತೀರ್ಪುಗಳಲ್ಲಿಯೂ ಆಕೆಯ ಹೆಸರು ಬರೆಯದಿರುವುದು ಒಳ್ಳೆಯದು ಎಂದಿತು. ಹೆಸರು ಮುಚ್ಚಿಡುವುದು ಆಕೆಗೆ ಕಳಂಕ ಬಂದಿದೆ ಎಂಬ ಕಾರಣಕ್ಕಲ್ಲ. ದೂರು ಕೊಟ್ಟ ಮೇಲೂ ಆಕೆ ಅದೇ ಬೀದಿಯಲ್ಲಿ ಬಾಳಬೇಕು ಎಂಬ ಕಾರಣಕ್ಕೆ.

ಶಿಕ್ಷೆ ಕರಗುವ ಬಗೆ

ಪುಸ್ತಕದಲ್ಲಿ ಹತ್ತು ವರ್ಷ ಎಂದು ಬರೆದಾಯಿತು. ಆದರೆ ಅದರ ಪಕ್ಕದಲ್ಲೇ ಒಂದು ಕಿಂಡಿ ಉಳಿದಿತ್ತು: ‘ಸಾಕಷ್ಟು ಮತ್ತು ವಿಶೇಷ ಕಾರಣಗಳಿದ್ದರೆ’ ಕನಿಷ್ಠಕ್ಕಿಂತ ಕಡಿಮೆ ಶಿಕ್ಷೆ ಕೊಡಬಹುದು. ಈ ಕಿಂಡಿ ಏನು ಮಾಡಿತು ಎಂಬುದಕ್ಕೆ ಕರ್ನಾಟಕದ್ದೇ ಉದಾಹರಣೆಗಳಿವೆ.

ಏಳೆಂಟು ವರ್ಷದ ಒಂದು ಹೆಣ್ಣುಮಗುವಿನ ಮೇಲೆ ಅತ್ಯಾಚಾರ ಎಸಗಿದವನಿಗೆ ವಿಚಾರಣಾ ನ್ಯಾಯಾಲಯ 10 ವರ್ಷ ಸಜೆ ಕೊಟ್ಟಿತ್ತು. ಹೈಕೋರ್ಟ್ ಅದನ್ನು 4 ವರ್ಷಕ್ಕೆ ಇಳಿಸಿತು. ಕಾರಣಗಳು: ಅವನು ಓದುಬರಹವಿಲ್ಲದವನು, ದುರ್ಬಲ ವರ್ಗದವನು, ಕುಡಿತದ ಚಟದವನು, ಅಮಲಿನಲ್ಲಿ ಮಾಡಿದ್ದು, ಅವನನ್ನು ನಂಬಿದ ಸಂಸಾರವಿದೆ. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2000ದ ಮಾರ್ಚ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಎ.ಎಸ್. ಆನಂದ್ ಅವರಿದ್ದ ಪೀಠ 10 ವರ್ಷದ ಶಿಕ್ಷೆಯನ್ನು ಮರಳಿ ನಿಲ್ಲಿಸಿತು. ಅಪರಾಧಿಯ ಜಾತಿ, ಧರ್ಮ, ಬಡತನ, ಸ್ಥಾನಮಾನ ಇವು ಶಿಕ್ಷೆ ಇಳಿಸಲು ಕಾರಣಗಳಲ್ಲ. ಅಪರಾಧದ ಕ್ರೌರ್ಯ ಮತ್ತು ಬಲಿಯಾದವಳ ವಯಸ್ಸನ್ನು ನೋಡಬೇಕು ಎಂಬುದು ತೀರ್ಪಿನ ಸಾರ. ಮೇಲೆ ಹೇಳಿದ 2003ರ ಪ್ರಕರಣದಲ್ಲಿಯೂ ಹೀಗೆಯೇ ಆಗಿತ್ತು. ಅಷ್ಟರಲ್ಲಿ ಕಳೆದಿದ್ದ ಅಲ್ಪಕಾಲದ ಸೆರೆವಾಸವೇ ಸಾಕೆಂದು ಹೈಕೋರ್ಟ್ ಹೇಳಿದ್ದನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ಅದೇ 2000ದಲ್ಲಿ ಕರ್ನಾಟಕದ ಮತ್ತೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಳ್ಳಿಗಾಡಿನ ಸರ್ಕಾರಿ ಆಸ್ಪತ್ರೆಗಳ ಒಂದು ಕೆಟ್ಟ ರೂಢಿಯನ್ನು ಖಂಡಿಸಿತು. ಪೊಲೀಸರ ಪತ್ರವಿಲ್ಲದೆ ಬಂದಳೆಂದು ವೈದ್ಯರು ಆಕೆಯನ್ನು ಪರೀಕ್ಷಿಸದೆ ಕಳಿಸುತ್ತಿದ್ದರು. ಗಂಟೆಗಳು ಕಳೆದಂತೆ ಸಾಕ್ಷ್ಯ ಅಳಿದುಹೋಗುತ್ತದೆ. ಪತ್ರಕ್ಕಾಗಿ ಅಲೆದಾಡುವ ಹೊತ್ತಿಗೆ ಮೊಕದ್ದಮೆ ಅರ್ಧ ಸೋತಂತೆಯೇ.

2013: ಒಪ್ಪಿಗೆಗೆ ಅರ್ಥ ಬಂತು

2012ರ ಡಿಸೆಂಬರ್ 16ರ ದೆಹಲಿಯ ಘಟನೆ ಎಲ್ಲರಿಗೂ ಗೊತ್ತು. ನ್ಯಾಯಮೂರ್ತಿ ಜೆ.ಎಸ್. ವರ್ಮಾ, ನ್ಯಾಯಮೂರ್ತಿ ಲೀಲಾ ಸೇಠ್ ಮತ್ತು ಗೋಪಾಲ್ ಸುಬ್ರಮಣಿಯಂ ಅವರ ಸಮಿತಿ ಒಂದೇ ತಿಂಗಳಲ್ಲಿ, 2013ರ ಜನವರಿ 23ರಂದು, ವರದಿ ಕೊಟ್ಟಿತು. ಆ ವರ್ಷವೇ ಬಂದ ತಿದ್ದುಪಡಿ ಕಾಯ್ದೆ 1860ರ ವ್ಯಾಖ್ಯೆಯನ್ನು ಬುಡದಿಂದ ಬದಲಿಸಿತು. ಹಿಂದೆ ಒಂದೇ ಬಗೆಯ ಕೃತ್ಯ ಮಾತ್ರ ಅತ್ಯಾಚಾರವಾಗಿತ್ತು. ಈಗ ದೇಹದ ಬೇರೆ ಭಾಗದಿಂದಾಗಲಿ, ವಸ್ತುವಿನಿಂದಾಗಲಿ ಹೆಣ್ಣಿನ ದೇಹವನ್ನು ಅತಿಕ್ರಮಿಸುವುದೂ ಅತ್ಯಾಚಾರವಾಯಿತು. ಸಮ್ಮತಿ ವಯಸ್ಸು 18 ಆಯಿತು.

ಎಲ್ಲಕ್ಕಿಂತ ದೊಡ್ಡದು ಒಪ್ಪಿಗೆಯ ವಿವರಣೆ. ಮಾತಿನಿಂದಲೋ ಸನ್ನೆಯಿಂದಲೋ ಹೆಣ್ಣು ಸ್ಪಷ್ಟವಾಗಿ, ಸ್ವಇಚ್ಛೆಯಿಂದ ಆ ಕೃತ್ಯಕ್ಕೆ ಸಮ್ಮತಿ ತಿಳಿಸಿದರೆ ಮಾತ್ರ ಅದು ಒಪ್ಪಿಗೆ. ಆಕೆ ಕೈಕಾಲು ಬಡಿದು ಪ್ರತಿಭಟಿಸಲಿಲ್ಲ ಎಂಬ ಒಂದೇ ಕಾರಣದಿಂದ ಒಪ್ಪಿದಳೆಂದು ತಿಳಿಯಬಾರದು. ದೇಸಾಯಿಗಂಜಿನ ಹುಡುಗಿಯ ಮೈಮೇಲೆ ಗಾಯ ಹುಡುಕಿದ್ದಕ್ಕೆ ಕಾನೂನು ಕೊಟ್ಟ ಉತ್ತರ ಇದು. ಬರಲು 35 ವರ್ಷ ಬೇಕಾಯಿತು.

ಶಿಕ್ಷೆ ಇಳಿಸುವ ‘ವಿಶೇಷ ಕಾರಣ’ಗಳ ಕಿಂಡಿಯನ್ನೂ 2013ರಲ್ಲಿ ಮುಚ್ಚಲಾಯಿತು. ಸಾಮೂಹಿಕ ಅತ್ಯಾಚಾರಕ್ಕೆ ಕನಿಷ್ಠ 20 ವರ್ಷವಾಯಿತು. ಠಾಣೆ, ಜೈಲು, ಆಸ್ಪತ್ರೆಗಳ ಜೊತೆಗೆ, ಹೆಣ್ಣಿನ ಮೇಲೆ ಹತೋಟಿ ಇರುವ ಯಾರೇ ಆಗಲಿ ಎಂಬ ಸಾಲು ಸೇರಿತು. ಧಣಿಯ ಮನೆಯ ಕೆಲಸದಾಕೆಯನ್ನು ಕಾನೂನು ಕಂಡದ್ದು ಈ ಸಾಲಿನಿಂದ. ಹಾಸನದ ಪ್ರಕರಣದಲ್ಲಿ ನಡೆದ ಕೃತ್ಯಗಳು 2021ರವು ಎಂದು ಆರೋಪವಿತ್ತು, ದೂರು ಬಂದದ್ದು 2024ರಲ್ಲಿ. ದೂರು ತಡವಾಯಿತೆಂದು ನ್ಯಾಯಾಲಯ ಆಕೆಯ ಮಾತನ್ನು ತಳ್ಳಿಹಾಕಲಿಲ್ಲ. ಸೀರೆಯ ಮೇಲೆ ಸಿಕ್ಕ ಡಿಎನ್‌ಎ ಸಾಕ್ಷ್ಯ ಆಕೆಯ ಮಾತಿಗೆ ಬೆಂಬಲವಾಗಿ ನಿಂತಿತು. 11 ಲಕ್ಷ ರೂಪಾಯಿಗೂ ಮೀರಿದ ದಂಡದಲ್ಲಿ ಬಹುಭಾಗ ಆಕೆಗೆ ಸೇರಬೇಕೆಂದು ಆದೇಶವಾಯಿತು.

2018ರಲ್ಲಿ ಶಿಕ್ಷೆ ಮತ್ತೂ ಬಿಗಿಯಾಯಿತು. ಅತ್ಯಾಚಾರಕ್ಕೆ ಕನಿಷ್ಠ 10 ವರ್ಷ. ಹುಡುಗಿ 16ರೊಳಗಿನವಳಾದರೆ ಕನಿಷ್ಠ 20 ವರ್ಷ. 12ರೊಳಗಿನವಳಾದರೆ ಕನಿಷ್ಠ 20 ವರ್ಷದಿಂದ ಮರಣದಂಡನೆಯವರೆಗೆ. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 375 ಈಗ 63 ಆಗಿದೆ, 376ರ ವಿಷಯ 64ರಿಂದ ಮುಂದಿನ ಕಲಮುಗಳಲ್ಲಿದೆ, ಹೆಸರು ಬಯಲು ಮಾಡುವ ಅಪರಾಧ 72ರಲ್ಲಿದೆ. ಮದುವೆಯಾಗುವುದಾಗಿ ಮೋಸದ ಮಾತು ಕೊಟ್ಟು ಸಂಬಂಧ ಬೆಳೆಸುವುದು 69ನೇ ಕಲಮಿನಲ್ಲಿ ಪ್ರತ್ಯೇಕ ಅಪರಾಧವಾಗಿದೆ. ಶಿಕ್ಷೆ 10 ವರ್ಷದವರೆಗೆ. ಮಾನಭಂಗದ ಉದ್ದೇಶದಿಂದ ಕೈಮಾಡುವುದಕ್ಕೆ 1ರಿಂದ 5 ವರ್ಷ. ಕದ್ದು ನೋಡುವುದು, ಚಿತ್ರ ತೆಗೆಯುವುದು, ಬೆನ್ನುಹತ್ತಿ ಕಾಡುವುದು ಇವಕ್ಕೂ ಬೇರೆ ಬೇರೆ ಕಲಮುಗಳಿವೆ.

ಬಾಗಿಲು ಮುಚ್ಚಿರುವ ಜಾಗಗಳು

ಕಾನೂನು ಇಷ್ಟು ದೂರ ಬಂದರೂ ಕೆಲವು ಬಾಗಿಲುಗಳು ಮುಚ್ಚಿಯೇ ಇವೆ. 1860ರಲ್ಲಿ ಗಂಡನಿಗೆ ಕೊಟ್ಟ ವಿನಾಯಿತಿಯನ್ನು ಹೊಸ ಸಂಹಿತೆಯೂ ಉಳಿಸಿಕೊಂಡಿದೆ. ಬದಲಾದದ್ದು ವಯಸ್ಸು ಮಾತ್ರ: 2017ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೆಂಡತಿಯ ವಯಸ್ಸಿನ ಮಿತಿಯನ್ನು 15ರಿಂದ 18ಕ್ಕೆ ಏರಿಸಿತು. 2022ರ ಮಾರ್ಚ್ 23ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಹೆಂಡತಿ ಕೊಟ್ಟ ದೂರಿನ ಮೇಲೆ ಗಂಡನ ವಿರುದ್ಧದ ಅತ್ಯಾಚಾರದ ಆರೋಪವನ್ನು ರದ್ದುಪಡಿಸಲು ನಿರಾಕರಿಸಿದರು. ಗಂಡನಾದರೂ ಅಪರಾಧ ಅಪರಾಧವೇ ಎಂಬುದು ಆ ತೀರ್ಪಿನ ನಿಲುವು. ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಹಳೆಯ 377ನೇ ಕಲಮನ್ನು ಹೊಸ ಸಂಹಿತೆಯಲ್ಲಿ ಬಿಡಲಾಗಿದೆ. ವಯಸ್ಕ ಗಂಡಸಿನ ಮೇಲೆ ನಡೆಯುವ ಬಲಾತ್ಕಾರಕ್ಕೆ ಅತ್ಯಾಚಾರದ ಕಲಮೂ ಅನ್ವಯಿಸುವುದಿಲ್ಲ.

ಶಿಕ್ಷೆ ಬಿದ್ದ ಮೇಲೂ ಕಥೆ ಮುಗಿಯುವುದಿಲ್ಲ. 2002ರ ಗುಜರಾತಿನ ಗಲಭೆಯಲ್ಲಿ ತನ್ನ ಮೇಲಾದ ಸಾಮೂಹಿಕ ಅತ್ಯಾಚಾರದ ವಿರುದ್ಧ ಹೋರಾಡಿ ತಾನೇ ಲೋಕದ ಮುಂದೆ ಬಂದು ಮಾತನಾಡಿದ ಬಿಲ್ಕಿಸ್ ಬಾನು ಅವರ ಮೊಕದ್ದಮೆಯೂ ರಾಜ್ಯದ ಹೊರಗೆ, ಮುಂಬೈಗೆ, ವರ್ಗವಾಯಿತು. ಅಲ್ಲಿ 2008ರಲ್ಲಿ 11 ಮಂದಿಗೆ ಜೀವಾವಧಿ ಶಿಕ್ಷೆಯಾಯಿತು. 2022ರ ಆಗಸ್ಟ್ 15ರಂದು ಅವರನ್ನು ಬಿಡುಗಡೆ ಮಾಡಲಾಯಿತು. 2024ರ ಜನವರಿ 8ರಂದು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಅವರ ಪೀಠ ಆ ಬಿಡುಗಡೆಯನ್ನು ರದ್ದುಗೊಳಿಸಿ ಅವರನ್ನು ಜೈಲಿಗೆ ಮರಳಿಸಿತು. ಬರೆದ ಶಿಕ್ಷೆ ನಿಜವಾದ ಶಿಕ್ಷೆಯಾಗಿ ಉಳಿಯಬೇಕಾದರೆ ಒಬ್ಬ ಹೆಣ್ಣುಮಗಳು 22 ವರ್ಷ ನ್ಯಾಯಾಲಯಗಳ ಬಾಗಿಲಲ್ಲಿ ಕಾಯಬೇಕಾಯಿತು.

ನಮ್ಮ ಶಾಲೆ, ನಮ್ಮ ಮನೆ

ಇನ್ನು ನಮ್ಮ ಮನೆಬಾಗಿಲಿನ ಮಾತಿಗೆ ಬರೋಣ. 2012ರ ನವೆಂಬರ್ 14ರಿಂದ ಜಾರಿಯಲ್ಲಿರುವ ಪೋಕ್ಸೋ ಕಾಯ್ದೆ 18ರೊಳಗಿನ ಎಲ್ಲ ಮಕ್ಕಳಿಗೂ, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ, ಅನ್ವಯಿಸುತ್ತದೆ. ಮಗುವಿನ ಮೇಲೆ ಇಂತಹ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸಜೆ. ತನ್ನ ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ಶಾಲೆ, ಹಾಸ್ಟೆಲ್, ಮದರಸಾ, ಟ್ಯೂಷನ್ ಮನೆ, ಯಾವುದಕ್ಕೂ ಇದರಲ್ಲಿ ವಿನಾಯಿತಿಯಿಲ್ಲ. ‘ಸಂಸ್ಥೆಯ ಹೆಸರು ಕೆಡುತ್ತದೆ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಮದುವೆಯ ವಯಸ್ಸಿನ ವಿಷಯದಲ್ಲೂ ನಾವು ಸ್ಪಷ್ಟವಾಗಿರಬೇಕು. ಕರ್ನಾಟಕದ 2016ರ ತಿದ್ದುಪಡಿ ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧು ಎನ್ನುತ್ತದೆ. ಋತುಮತಿಯಾದ ಮುಸ್ಲಿಂ ಹುಡುಗಿಯ ನಿಕಾಹ್ ವೈಯಕ್ತಿಕ ಕಾನೂನಿನಂತೆ ಸರಿ ಎಂಬ ವಾದವನ್ನು 2022ರ ಅಕ್ಟೋಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ. ಪೋಕ್ಸೋ ವಿಶೇಷ ಕಾಯ್ದೆ, ವೈಯಕ್ತಿಕ ಕಾನೂನಿಗಿಂತ ಮೇಲು ಎಂದಿತು. ಆ ಪ್ರಕರಣ ಬೆಳಕಿಗೆ ಬಂದದ್ದು 17ರ ಹುಡುಗಿ ಗರ್ಭಿಣಿಯಾಗಿ ಆಸ್ಪತ್ರೆಗೆ ಹೋದಾಗ. ಮಗಳನ್ನು ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ ಮದುವೆ ಮಾಡಿ ಕಳಿಸುವ ತಂದೆತಾಯಿ ಅಳಿಯನನ್ನೂ ಮಗಳನ್ನೂ ಎಂತಹ ಸಂಕಟಕ್ಕೆ ನೂಕುತ್ತಾರೆ ಎಂಬುದನ್ನು ಯೋಚಿಸಬೇಕು.

ಅನ್ಯಾಯವಾದಾಗ ಮಾಡಬೇಕಾದ ಕೆಲಸಗಳು ಕೆಲವೇ. ಯಾವ ಠಾಣೆಗೆ ಹೋದರೂ ದೂರು ತೆಗೆದುಕೊಳ್ಳಲೇಬೇಕು. ‘ಇದು ನಮ್ಮ ಸರಹದ್ದಲ್ಲ’ ಎನ್ನುವಂತಿಲ್ಲ. ಜೀರೋ ಎಫ್‌ಐಆರ್ ಎಂಬುದು ಅದಕ್ಕಾಗಿಯೇ ಇದೆ. ದೂರು ಬರೆದುಕೊಳ್ಳದ ಪೊಲೀಸ್ ಅಧಿಕಾರಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಶಿಕ್ಷೆ ಇದೆ. ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಪಡೆಯಬೇಕು. ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿ ಆಸ್ಪತ್ರೆಯಾಗಲಿ ಉಚಿತವಾಗಿ ಚಿಕಿತ್ಸೆ ನೀಡಬೇಕು, ನಿರಾಕರಿಸಿದರೆ ಅದೂ ಅಪರಾಧ. ‘ಎರಡು ಬೆರಳು’ ಪರೀಕ್ಷೆ ಮಾಡುವಂತಿಲ್ಲ. ಮಾಡಿದವರು ದುರ್ನಡತೆಗೆ ಗುರಿಯಾಗುತ್ತಾರೆ ಎಂದು 2022ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಹೇಳಿದೆ. ಸ್ನಾನ ಮಾಡುವ, ಬಟ್ಟೆ ಒಗೆಯುವ ಮೊದಲೇ ಆಸ್ಪತ್ರೆಗೆ ಹೋಗುವುದು ಒಳ್ಳೆಯದು. ಆ ಬಟ್ಟೆಯನ್ನು ಕಾಗದದಲ್ಲಿ ಸುತ್ತಿ ತೆಗೆದಿಡಬೇಕು. ತಡವಾಗಿದ್ದರೂ ದೂರು ಕೊಡಬಹುದು. ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ. ತುರ್ತಿಗೆ 112, ಮಕ್ಕಳಿಗಾಗಿ 1098.

ಮಾಡಬಾರದ್ದೂ ಇದೆ. ಊರ ಪಂಚಾಯಿತಿಯಲ್ಲಿ, ಜಮಾತಿನಲ್ಲಿ ಹಿರಿಯರನ್ನು ಕೂರಿಸಿ ರಾಜಿ ಮಾಡಿಸುವುದು ನಮ್ಮಲ್ಲಿ ಎಲ್ಲ ಜಾತಿಧರ್ಮಗಳಲ್ಲೂ ಇರುವ ಹಳೆಯ ಚಾಳಿ. ರಾಜಿಯಾಯಿತೆಂದು ಅತ್ಯಾಚಾರದ ಶಿಕ್ಷೆ ಇಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿಯೇ ಹೇಳಿದೆ. ಇನ್ನೊಂದು, 2024ರ ಏಪ್ರಿಲ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಪೆನ್‌ಡ್ರೈವ್‌ಗಳು ಹರಿದಾಡಿದ್ದು. ಹೆಂಗಸರ ಮುಖಗಳಿದ್ದ ಆ ವಿಡಿಯೋಗಳು ಮೊಬೈಲಿನಿಂದ ಮೊಬೈಲಿಗೆ ಹೋದವು. ಕೆಲವರು ಊರು ಬಿಡಬೇಕಾಯಿತು ಎಂದು ಪತ್ರಿಕೆಗಳು ಬರೆದವು. ಅವನ್ನು ಮುಂದೆ ಕಳಿಸಿದವರು ಕುತೂಹಲಕ್ಕೆ ಕಳಿಸಿದ್ದಿರಬಹುದು. ಕಾನೂನಿನ ಕಣ್ಣಿನಲ್ಲಿ ಅದು ಅಪರಾಧ. ಆ ಹೆಂಗಸರ ಪಾಲಿಗೆ ಅದು ಎರಡನೆಯ ಸಲದ ದೌರ್ಜನ್ಯ. ದೂರು ಕೊಡಬೇಕೆಂದಿದ್ದ ಎಷ್ಟೋ ಬಾಯಿಗಳು ಅದರಿಂದಲೇ ಮುಚ್ಚಿಹೋದವು.

1862ರಿಂದ ಇಂದಿನವರೆಗೆ ಕಾನೂನು ಒಂದು ಪಾಠವನ್ನು ನಿಧಾನವಾಗಿ ಕಲಿತಿದೆ. ಹೆಣ್ಣಿನ ಮೈಮೇಲೆ ಗಾಯ ಹುಡುಕುತ್ತಿದ್ದ ಕಾನೂನು, ಆಕೆಯ ನಡತೆಯನ್ನು ಕೆದಕುತ್ತಿದ್ದ ಕಾನೂನು, ಈಗ ಆಕೆ ಒಪ್ಪಿದ್ದಳೇ ಎಂದು ಕೇಳುತ್ತದೆ. ಈ ಪಾಠ ಅದಕ್ಕೆ ತಾನಾಗಿ ಬರಲಿಲ್ಲ. ಕಲ್ಕತ್ತೆಯ ಬಾಲವಧುವಿನ ಸಾವು, ದೇಸಾಯಿಗಂಜಿನ ಹುಡುಗಿಯ ಸೋಲು, ರಾಯಚೂರಿನ ನ್ಯಾಯಾಲಯದಿಂದ ಬರಿಗೈಯಲ್ಲಿ ಮರಳಿದ ವಿಧವೆ, ಹೊಳೆನರಸೀಪುರದ ಕೆಲಸದಾಕೆಯ ಧೈರ್ಯ, ಇವರೆಲ್ಲ ಕಲಿಸಿದ್ದು. ಸಂಸಾರದಲ್ಲಿ, ಶಾಲೆಯಲ್ಲಿ, ಮಹಲ್ಲಾದಲ್ಲಿ ನಾವು ಇನ್ನೂ ಕಲಿಯಬೇಕಾಗಿದೆ. ಮಗಳೋ, ಸೊಸೆಯೋ, ವಿದ್ಯಾರ್ಥಿನಿಯೋ, ಪುಟ್ಟ ಗಂಡುಮಗುವೋ ಬಂದು ‘ಹೀಗಾಯಿತು’ ಎಂದಾಗ ನಮ್ಮ ಬಾಯಿಂದ ಬರುವ ಮೊದಲ ಪ್ರಶ್ನೆ ‘ನೀನು ಅಲ್ಲಿಗೆ ಯಾಕೆ ಹೋಗಿದ್ದೆ?’ ಎಂಬುದಾದರೆ ನಾವು ಇನ್ನೂ 1872ರ ಸಾಕ್ಷ್ಯ ಕಾಯ್ದೆಯಲ್ಲೇ ಇದ್ದೇವೆ ಎಂದರ್ಥ. ‘ನಿನ್ನ ಮಾತು ನಂಬುತ್ತೇನೆ, ಹೇಳು’ ಎನ್ನುವವರು ಮನೆಗೊಬ್ಬರಾದರೂ ಇದ್ದರೆ, ಕಾನೂನು ಪುಸ್ತಕದಲ್ಲಿ ಬರೆದದ್ದು ಆ ಮನೆಯ ಮಕ್ಕಳ ಕೈಗೆ ತಲುಪುತ್ತದೆ.